ಆಗುತ್ತೆ, ಓಡು

ಫರೀದಾಬಾದಿನ ಆ ಸೆಕ್ಟರಿಗೆ ಬಂದು ನೆಲೆಸಿದ ಐದು ವರ್ಷದಲ್ಲಿ ಸರಸುವಿನ ಗಂಟಲು ಇಡೀ ಬ್ಲಾಕಿಗೆ ಪರಿಚಯವಾಗಿಹೋಗಿತ್ತು. ಎರಡನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ಅವಳು "ಸಬ್ಜಿವಾಲೇ ಭಯ್ಯಾ!" ಎಂದು ಒಮ್ಮೆ ಕರೆದರೆ ಮೂರನೇ ಗಲ್ಲಿ ದಾಟಿದ್ದ ತರಕಾರಿ ತಳ್ಳುಗಾಡಿಯೂ ಹಿಂದಕ್ಕೆ ತಿರುಗುತ್ತಿತ್ತು. ಅಕ್ಕಪಕ್ಕದ ಪಂಜಾಬಿ ಹೆಂಗಸರು ತಾವು ಕೂಗುವ ಬದಲು ಅವಳ ಬಾಗಿಲು ತಟ್ಟುತ್ತಿದ್ದರು.

ಆ ಗಂಟಲು ಪಳಗಿದ್ದು ಸೋಮವಾರಪೇಟೆಯ ಹಾಕಿ ಮೈದಾನದಲ್ಲಿ. ಅವಳ ಅಪ್ಪ ಗೋಲ್‌ಕೀಪರ್, ಇಬ್ಬರು ಚಿಕ್ಕಪ್ಪಂದಿರು ಫಾರ್ವರ್ಡ್ ಆಡುತ್ತಿದ್ದರು. ಏಳು ವರ್ಷದ ಹುಡುಗಿ ಸುಣ್ಣದ ಗೆರೆಯ ಆಚೆ ನಿಂತು ಅವರ ಹೆಸರು ಹಿಡಿದು ಕೂಗಿ ಕೂಗಿ ಸಂಜೆಗೆ ಮಾತೇ ಹೊರಡದಂತಾಗಿ ಮನೆಗೆ ಬರುತ್ತಿದ್ದಳು. ಮದುವೆಯಾಗಿ, ಸೈನ್ಯದಲ್ಲಿದ್ದ ಗಂಡ ಅಪ್ಪಯ್ಯನ ಹಿಂದೆ ಜೋಧಪುರ, ಬಬೀನಾ, ಪಠಾಣ್‌ಕೋಟ್ ಎಂದು ಊರೂರು ತಿರುಗಿದಾಗಲೂ ಆ ಅಭ್ಯಾಸ ಬಿಡಲಿಲ್ಲ. ಹಗ್ಗಜಗ್ಗಾಟವಿರಲಿ, ಜವಾನರ ಓಟವಿರಲಿ, ಸರಸು ನಿಂತ ಕಡೆಯವರಿಗೆ ಒಂದು ಆಳು ಹೆಚ್ಚು ಸಿಕ್ಕಂತೆ ಎಂದು ಗಂಡನ ಕಮಾಂಡಿಂಗ್ ಆಫೀಸರ್ ಒಮ್ಮೆ ಎಲ್ಲರೆದುರು ಹೇಳಿದ್ದರು. ಆ ಮಾತನ್ನು ಅವಳು ಎಷ್ಟು ಸಲ ನೆನೆದು ನಕ್ಕಿದ್ದಳೋ. ಇನ್ನು ಆಗುವುದಿಲ್ಲವೆಂದು ಕುಸಿಯುತ್ತಿರುವವನನ್ನು ಯಾರಾದರೂ ಹತ್ತಿರದವರಂತೆ ಕೂಗಿ ಕರೆದರೆ ಅವನು ಎದ್ದೇ ಏಳುತ್ತಾನೆ ಎಂಬುದು ಅವಳು ಕಣ್ಣಾರೆ ಕಂಡು ನಂಬಿದ ಸಂಗತಿಯಾಗಿತ್ತು.

ಅಪ್ಪಯ್ಯ ಸುಬೇದಾರನಾಗಿ ನಿವೃತ್ತನಾದ ಮೇಲೆ ಫರೀದಾಬಾದಿನ ಬೇರಿಂಗ್ ಕಾರ್ಖಾನೆಯೊಂದರಲ್ಲಿ ಸೆಕ್ಯುರಿಟಿ ಆಫೀಸರ್ ಕೆಲಸಕ್ಕೆ ಸೇರಿದ. ಮಗ ಕರಣ್ ಇಲ್ಲೇ ಕಾಲೇಜು ಮುಗಿಸಿ ಗುಡಗಾಂವಿನ ಕಂಪನಿಯೊಂದಕ್ಕೆ ಕೆಲಸಕ್ಕೆ ಹೋಗತೊಡಗಿದ. ಕಂಟೋನ್ಮೆಂಟುಗಳಲ್ಲಿ ಬೆಳೆದ ಹುಡುಗ. ಅಮ್ಮನ ಕನ್ನಡವೆಲ್ಲ ಅವನಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಅರ್ಧ ಹಿಂದಿಯಲ್ಲಿ ಬರುತ್ತಿತ್ತು.

ಎರಡು ಸಾವಿರದ ಆರನೇ ಇಸವಿಯ ಏಪ್ರಿಲ್ ಕೊನೆಯ ಭಾನುವಾರ. ಊರಿನ ಉದ್ಯಮಿಗಳ ಸಂಘವೊಂದು ಇಪ್ಪತ್ತೊಂದು ಕಿಲೋಮೀಟರ್ ಓಟ ಏರ್ಪಡಿಸಿತ್ತು. ಆ ಕಾಲಕ್ಕೆ ದಿಲ್ಲಿಯ ಸುತ್ತಮುತ್ತ ಓಟದ ಹುಚ್ಚು ಹೊಸದಾಗಿ ಹತ್ತಿಕೊಳ್ಳುತ್ತಿತ್ತು. ಬ್ಯಾಂಕಿನವರು, ಕಾರ್ಖಾನೆಯ ಇಂಜಿನಿಯರುಗಳು, ಅಂಗಡಿ ಮಾಲೀಕರು ಎಂದು ಒಂದೂವರೆ ಸಾವಿರ ಜನ ಹೆಸರು ಕೊಟ್ಟಿದ್ದರು. ಬೆಳಿಗ್ಗೆ ಆರಕ್ಕೆ ಶುರುವಾಗಬೇಕಿದ್ದ ಓಟ. ಬಾವುಟ ಬೀಸಬೇಕಿದ್ದ ಮುಖ್ಯ ಅತಿಥಿಯ ಕಾರು ಬಂದಾಗ ಎಂಟು ದಾಟಿತ್ತು. ಅಷ್ಟು ಹೊತ್ತು ಓಟಗಾರರು ಬಿಸಿಲಲ್ಲೇ ಕಾದಿದ್ದರು.

ಸರಸು ನೆರೆಹೊರೆಯ ಹೆಂಗಸರ ಜೊತೆ ಸೆಕ್ಟರಿನ ರಸ್ತೆಗಳು ಕೂಡುವ ಗೋಲ್‌ಚಕ್ಕರಿನ ಬಳಿ, ಹದಿನೇಳನೇ ಕಿಲೋಮೀಟರಿನ ಬೋರ್ಡು ನೆಟ್ಟ ಕಡೆ, ಒಂದು ಬಕೆಟ್ ನಿಂಬೂಪಾನಿ ಇಟ್ಟುಕೊಂಡು ನಿಂತಿದ್ದಳು. ಹತ್ತು ಗಂಟೆಯ ಹೊತ್ತಿಗೆ ಡಾಂಬರು ಮೆತ್ತಗಾಗಿತ್ತು. ಬಿಸಿಗಾಳಿ ಶುರುವಾಗಿತ್ತು. ಮುಂದಿನ ಸಾಲಿನ ಓಟಗಾರರು ಹೋಗಿ, ಈಗ ಹೊಟ್ಟೆ ಬಂದವರು, ಕಾಲೆಳೆಯುವವರು, ನಡೆಯುತ್ತಲೇ ಇರುವವರು ಬರುತ್ತಿದ್ದರು. ಅವಳಿಗೆ ಇವರನ್ನು ಕಂಡರೇ ಹೆಚ್ಚು ಪ್ರೀತಿ. "ಶಾಬಾಶ್! ಚಲೋ, ಚಲೋ! ಬಸ್ ಚಾರ್ ಕಿಲೋಮೀಟರ್!" ಅವಳ ದನಿಗೆ ತಲೆ ಬಗ್ಗಿಸಿಕೊಂಡು ಬರುತ್ತಿದ್ದವರೂ ನಕ್ಕು, ನಾಲ್ಕು ಹೆಜ್ಜೆ ಓಡಿ ಹೋಗುತ್ತಿದ್ದರು.

ಆಗ ಬಂದವನು ಹಳದಿ ಅಂಗಿಯವನು. ಮೂವತ್ತರ ಆಸುಪಾಸು, ತೆಳ್ಳಗಿದ್ದ. ದೀಪದ ಕಂಬ ಹಿಡಿದು, ಬಗ್ಗಿ ನಿಂತುಬಿಟ್ಟ. ಹೆಂಗಸರು ಚಪ್ಪಾಳೆ ತಟ್ಟಿದರು. ಅವನು ಆಗದೆಂದು ತಲೆಯಾಡಿಸಿದ. ಸರಸು ಗ್ಲಾಸು ಹಿಡಿದು ಅವನ ಹತ್ತಿರ ಹೋದಳು. ಬಾಯಿಂದ ತಾನೇ ತಾನಾಗಿ ಕನ್ನಡ ಬಂತು. ಮೈದಾನದ ಮಾತೆಲ್ಲ ಅವಳಿಗೆ ಕನ್ನಡದಲ್ಲೇ ಬರುವುದು.

"ಏಳಪ್ಪಾ, ಏಳು! ನಿಲ್ಬೇಡ!"

ಅವನು ತಟ್ಟನೆ ತಲೆಯೆತ್ತಿದ. "ಆಂಟೀ... ಕನ್ನಡದವ್ರಾ?"

"ಹೂಂ ಕಣಪ್ಪಾ. ಓಡು, ಇನ್ನೇನು ಬಂದೇಬಿಡ್ತು."

"ಆಗ್ತಿಲ್ಲ ಆಂಟಿ."

"ಆಗುತ್ತೆ, ಓಡು!"

ಅರ್ಧ ಗ್ಲಾಸು ಕುಡಿದು ವಾಪಸು ಕೊಟ್ಟ. ಕೊಡುವಾಗ ಅವನ ಕೈ ತಾಗಿತು. ಒಲೆಯ ಮೇಲಿಂದ ಈಗಷ್ಟೇ ಇಳಿಸಿದ ಪಾತ್ರೆಯಂತೆ ಸುಡುತ್ತಿತ್ತು. ಹಣೆಯ ಮೇಲೆ ಒಂದು ಹನಿ ಬೆವರಿರಲಿಲ್ಲ. ಉಪ್ಪು ಒಣಗಿ ಬಿಳಿ ಗೆರೆಗಳಾಗಿದ್ದವು. ಸರಸು ಅದನ್ನು ನೋಡಿದಳು. ಅವನು ನಕ್ಕ. ಊರು ಬಿಟ್ಟು ಎಷ್ಟೋ ದಿನದ ಮೇಲೆ ಊರಿನವರೊಬ್ಬರು ಸಿಕ್ಕಾಗ ನಗುವಂಥ ನಗು. "ಓಡು," ಎಂದಳು ಸರಸು ಮತ್ತೊಮ್ಮೆ. ಅವನು ಕಂಬ ಬಿಟ್ಟು ಓಡತೊಡಗಿದ. ಎಡಗಾಲಿನ ಶೂವಿನ ಅಟ್ಟೆ ಕಿತ್ತುಹೋಗಿತ್ತು. ಹೆಜ್ಜೆಗೊಮ್ಮೆ ಚಪ್, ಚಪ್ ಎಂದು ರಸ್ತೆಗೆ ಬಡಿಯುತ್ತಿತ್ತು. ತಿರುಗಿ ನೋಡದೆಯೇ ಒಂದು ಕೈ ಮೇಲೆತ್ತಿ ಬೀಸಿದ.

"ನಮ್ಮ ಕಡೆಯವನು," ಎಂದು ಸರಸು ಹೆಂಗಸರಿಗೆ ಹೆಮ್ಮೆಯಿಂದ ಹಿಂದಿಯಲ್ಲಿ ಹೇಳಿದಳು. ಸ್ವಲ್ಪ ಹೊತ್ತಿಗೆ ಅದೇ ದಿಕ್ಕಿನಲ್ಲಿ ಆಂಬುಲೆನ್ಸಿನ ಸದ್ದು ಕೇಳಿಸಿತು. ಯಾರೋ ಏನೋ ಎಂದುಕೊಂಡು ಬಕೆಟ್ ತೊಳೆದು ಮನೆಗೆ ಬಂದಳು.

ಮಂಗಳವಾರ ಬೆಳಿಗ್ಗೆ ಅಪ್ಪಯ್ಯ ಹಿಂದಿ ಪೇಪರನ್ನು ಎಂದಿನಂತೆ ಗಟ್ಟಿಯಾಗಿ ಓದುತ್ತಿದ್ದ. ಸರಸು ಅಡುಗೆಮನೆಯಲ್ಲಿ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು.

"ಮೊನ್ನೆ ಓಟದಲ್ಲಿ ಬಿದ್ದವನು ಹೋಗಿಬಿಟ್ಟನಂತೆ ಕಣೇ. ಯೋಗೀಶ ಅಂತ. ದಾವಣಗೆರೆಯವನು. ಇಲ್ಲೇ ಟ್ರ್ಯಾಕ್ಟರ್ ಪಾರ್ಟ್ಸ್ ಮಾಡೋ ಕಡೆ ಇಂಜಿನಿಯರ್. ಬಿಸಿಲು ಬಡಿದಿದೆ. ಮೂವತ್ತೊಂದು ವರ್ಷ, ಪಾಪ."

ಅವಳು ಬಂದು ಪೇಪರ್ ನೋಡಿದಳು. ಪಾಸ್‌ಪೋರ್ಟ್ ಅಳತೆಯ ಫೋಟೋ, ಅದರಲ್ಲಿ ಅವನು ನಕ್ಕಿರಲಿಲ್ಲ. ಆದರೂ ಅವನೇ. ಗೋಲ್‌ಚಕ್ಕರಿನಿಂದ ಆರುನೂರು ಮೀಟರ್ ಮುಂದೆ ಬಿದ್ದ ಎಂದು ಬರೆದಿತ್ತು. ಹೆಂಚಿನ ಮೇಲೆ ರೊಟ್ಟಿ ಸೀದು ಹೊಗೆಯೆದ್ದಿತು. "ರೊಟ್ಟಿ!" ಎಂದು ಅಪ್ಪಯ್ಯ ಎದ್ದು ಓಡಿದ. ಸರಸು ಪೇಪರು ಮಡಚಿಟ್ಟಳು.

ಅಂದಿನಿಂದ ಅವಳ ದನಿ ಇಳಿಯಿತು. ಮಾತು ನಿಲ್ಲಲಿಲ್ಲ, ಮನೆಯೊಳಗಿನ ಮಾತು, ಫೋನಿನ ಮಾತು ಎಲ್ಲ ನಡೆಯುತ್ತಿತ್ತು. ಕೂಗಬೇಕೆಂದು ಬಾಲ್ಕನಿಗೆ ಹೋದರೆ ಮಾತ್ರ ಬಾಯಿಂದ ಬರೀ ಗಾಳಿ ಬರುತ್ತಿತ್ತು. ತಳ್ಳುಗಾಡಿ ಮುಂದಕ್ಕೆ ಹೋಗಿಬಿಡುತ್ತಿತ್ತು. ಅಪ್ಪಯ್ಯ ಅವಳನ್ನು ಮಿಲಿಟರಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಕನ್ನಡಿ ಇಟ್ಟು ನೋಡಿ, ಗಂಟಲಲ್ಲಿ ಏನೂ ತೊಂದರೆಯಿಲ್ಲ, ವಯಸ್ಸಿಗೆ ಹೀಗಾಗುತ್ತದೆ ಎಂದರು.

ಇನ್ನೊಂದನ್ನು ಅವಳು ಯಾರಿಗೂ ಹೇಳಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಅವಳಿಗೆ ಎಚ್ಚರವಾಗುತ್ತಿತ್ತು. ಕೂಲರಿನ ಗುಯ್‌ಗುಡುವ ಸದ್ದಿನ ಆಚೆ, ಕೆಳಗಿನ ರಸ್ತೆಯಲ್ಲಿ ಯಾರೋ ಓಡುವುದು ಕೇಳಿಸುತ್ತಿತ್ತು. ಒಂದು ಹೆಜ್ಜೆ ಮೆತ್ತಗೆ, ಇನ್ನೊಂದು ಚಪ್. ಒಂದು ಮೆತ್ತಗೆ, ಇನ್ನೊಂದು ಚಪ್. ಬ್ಲಾಕಿನ ಮೂಲೆಯಿಂದ ಬಂದು, ಅವಳ ಬಾಲ್ಕನಿಯ ಕೆಳಗೆ ಸ್ವಲ್ಪ ನಿಧಾನವಾಗಿ, ಮತ್ತೆ ಗೋಲ್‌ಚಕ್ಕರಿನ ಕಡೆಗೆ ಹೋಗುತ್ತಿತ್ತು. ಎದ್ದು ಹೋಗಿ ನೋಡಿದರೆ ಹಾಲಿನವನ ಸೈಕಲ್ಲು, ಬೇವಿನ ಮರದ ಕೆಳಗೆ ಮಲಗಿದ ನಾಯಿ. ಅಪ್ಪಯ್ಯನಿಗೆ ಸಣ್ಣ ಸದ್ದಿಗೂ ಎಚ್ಚರವಾಗುವ ಸೈನಿಕರ ನಿದ್ದೆ. ಅವನು ಅಲುಗಾಡುತ್ತಲೂ ಇರಲಿಲ್ಲ.

ಹಳದಿ ಬಣ್ಣವೂ ಕಾಡತೊಡಗಿತು. ಫರೀದಾಬಾದಿನಿಂದ ದಿಲ್ಲಿಗೆ ಹೋಗುವ ಲೋಕಲ್ ರೈಲಿನಲ್ಲಿ, ಓಖಲಾ ಸ್ಟೇಷನ್ನಿನ ಗುಂಪಿನಲ್ಲಿ, ಹಳದಿ ಅಂಗಿಯೊಂದು ಬಗ್ಗಿ ಕಂಬ ಹಿಡಿದಂತೆ ಕಾಣುತ್ತಿತ್ತು. ಹತ್ತಿರ ಹೋದರೆ ಯಾರೋ ಶೂ ಲೇಸು ಕಟ್ಟಿಕೊಳ್ಳುತ್ತಿರುತ್ತಿದ್ದರು. ಆಗ ಅವಳ ಬಲಗೈಯ ಬೆರಳುಗಳು ಬಿಸಿಯಾಗುತ್ತಿದ್ದವು. ಅವನ ಕೈ ತಾಗಿದ ಬೆರಳುಗಳು.

ಅವಳನ್ನು ನಿಜವಾಗಿ ತಿನ್ನುತ್ತಿದ್ದುದು ಕೂಗಿದ್ದಷ್ಟೇ ಆಗಿರಲಿಲ್ಲ. ಜೋಧಪುರದಲ್ಲಿ ಅವರು ಮೂರು ಬೇಸಿಗೆ ಕಳೆದಿದ್ದರು. ಅಲ್ಲಿ ಹೊಸ ಜವಾನರಿಗೆ ಮೊದಲು ಕಲಿಸುತ್ತಿದ್ದ ಪಾಠ ಒಂದೇ. ಮೈ ಸುಡುತ್ತಿದ್ದು ಬೆವರು ನಿಂತಿದೆಯೋ, ಅವನನ್ನು ನೆರಳಿಗೆ ಎಳೆ, ನೀರು ಸುರಿ, ಒಂದು ಹೆಜ್ಜೆ ನಡೆಸಬೇಡ. ಅಪ್ಪಯ್ಯ ಊಟಕ್ಕೆ ಕೂತಾಗಲೂ ಅದನ್ನೇ ಹೇಳುತ್ತಿದ್ದ. ಅವಳಿಗೆ ಅದು ಅಆಇಈಯಷ್ಟು ಗೊತ್ತಿತ್ತು. ಗೊತ್ತಿದ್ದೂ, ಒಣಗಿದ ಹಣೆ ನೋಡಿಯೂ, ಸುಡುವ ಕೈ ಮುಟ್ಟಿಯೂ, ಓಡು ಎಂದಿದ್ದಳು. ಅವನು ನಕ್ಕನಲ್ಲ, ಆ ನಗುವಿನ ಖುಷಿಗೆ.

ಮರುವರ್ಷ ಓಟ ನಡೆಯಲಿಲ್ಲ. ಆ ವರ್ಷದ ಯುಗಾದಿಗೆ ಫರೀದಾಬಾದಿನ ಕನ್ನಡದ ಮನೆಗಳೆಲ್ಲ ಸೇರಿ ಸಮುದಾಯ ಭವನವೊಂದರಲ್ಲಿ ಊಟ ಇಟ್ಟುಕೊಂಡಿದ್ದರು. ಬಡಿಸುವವರ ಸಾಲಿನಲ್ಲಿ ಸರಸು ಕೋಸಂಬರಿಯ ಪಾತ್ರೆ ಹಿಡಿದಿದ್ದಳು. ಕೊನೆಯ ಪಂಕ್ತಿಯಲ್ಲಿ ಒಬ್ಬ ಹೆಣ್ಣುಮಗಳು ಒಂಟಿಯಾಗಿ ಕೂತಿದ್ದಳು. ಪಕ್ಕದಲ್ಲಿ ಬಡಿಸುತ್ತಿದ್ದ ಯಾರೋ ಕಿವಿಯಲ್ಲಿ ಹೇಳಿದರು: "ಓಟದಲ್ಲಿ ಹೋದನಲ್ಲ, ಆ ಯೋಗೀಶನ ಹೆಂಡತಿ. ಹರ್ಷಿಣಿ ಅಂತ. ಈಗ ದಿಲ್ಲೀಲಿ ವಸಂತ್ ಕುಂಜ್‌ನಲ್ಲಿ ಅಕ್ಕನ ಮನೇಲಿದಾಳೆ. ಹೌಜ್ ಖಾಸ್‌ನಲ್ಲಿ ಎಲ್ಲೋ ಮಕ್ಕಳಿಗೆ ಮ್ಯಾಥ್ಸ್ ಹೇಳ್ಕೊಡ್ತಾಳಂತೆ."

ಸರಸು ಪಾತ್ರೆ ಕೆಳಗಿಟ್ಟು ಹೊರಗೆ ಹೋಗಿಬಿಡಬೇಕೆಂದುಕೊಂಡಳು. ಕಾಲು ಮಾತ್ರ ಹರ್ಷಿಣಿಯ ಕಡೆಗೇ ನಡೆಯಿತು. ಊಟ ಮುಗಿದು, ಹರ್ಷಿಣಿ ಕೈತೊಳೆಯಲು ಹೊರಗಿನ ನಲ್ಲಿಗೆ ಬಂದಾಗ ಸರಸು ಅಲ್ಲಿ ನಿಂತಿದ್ದಳು.

"ಅಮ್ಮಾ, ನಾನು ಸರಸು ಅಂತ. ನಿಮ್ಮ ಮನೆಯವರನ್ನ ಆವತ್ತು ನೋಡಿದ್ದೆ. ಮಾತಾಡಿಸಿದ್ದೆ."

ಹರ್ಷಿಣಿಯ ಕೈಯ ಮೇಲೆ ನೀರು ಸುರಿಯುತ್ತಲೇ ಇತ್ತು. ಸರಸು ಹೇಳಿದಳು. ಕಂಬ ಹಿಡಿದು ನಿಂತದ್ದು, ಕನ್ನಡದವ್ರಾ ಎಂದು ಕೇಳಿದ್ದು, ಆಗ್ತಿಲ್ಲ ಎಂದದ್ದು, ತಾನು ಆಗುತ್ತೆ ಓಡು ಎಂದದ್ದು, ಅವನು ನಕ್ಕು ಓಡಿದ್ದು. ಒಣಗಿದ ಹಣೆ, ಸುಡುವ ಕೈ, ಇವೆರಡನ್ನು ಮಾತ್ರ ಹೇಳಲಾಗಲಿಲ್ಲ. ಹರ್ಷಿಣಿ ನಲ್ಲಿ ನಿಲ್ಲಿಸಿ, ಸೆರಗಿನಿಂದ ಕೈ ಒರೆಸಿಕೊಂಡು, ಗೇಟು ದಾಟಿ ಆಟೋ ಹತ್ತಿ ಹೋದಳು.

ಎರಡು ತಿಂಗಳ ಮೇಲೆ, ಒಂದು ಮಧ್ಯಾಹ್ನ ಮನೆಯ ಫೋನು ರಿಂಗಾಯಿತು.

"ನಂಬರ್ ಕನ್ನಡ ಕೂಟದವ್ರ ಹತ್ರ ಇಸ್ಕೊಂಡೆ," ಎಂದಿತು ಆ ಕಡೆಯ ದನಿ. "ನಾನು ಹರ್ಷಿಣಿ. ಒಂದು ಕೇಳ್ಬೇಕಿತ್ತು. ಅವ್ರು ನಕ್ರು ಅಂದ್ರಲ್ಲ. ಹೆಂಗೆ ನಕ್ರು?"

ಸರಸು ನೆಲದ ಮೇಲೆ ಕೂತಳು. "ಚೆನ್ನಾಗಿ ನಕ್ಕ ಕಣಮ್ಮ. ಮನೆಯವರನ್ನ ಕಂಡ ಹಾಗೆ."

"ಆಂಟಿ ಅಂದ್ರಾ, ಅಮ್ಮಾ ಅಂದ್ರಾ?"

"ಆಂಟಿ ಅಂದ."

"ಹೂಂ. ಅವ್ರು ಹಂಗೇ ಅನ್ನೋದು. ಆಸ್ಪತ್ರೆಗೆ ನಾನು ಹೋಗೋ ಹೊತ್ತಿಗೆ ಮಾತಿರ್ಲಿಲ್ಲ ಆಂಟಿ. ನೀವೇ ಕೊನೆಗೆ ಮಾತಾಡಿದ್ದು."

ಆಮೇಲೆ ಆ ಫೋನು ಹತ್ತು ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು, ಯಾವಾಗಲೂ ಮಧ್ಯಾಹ್ನ, ಪಾಠದ ನಡುವಿನ ಬಿಡುವಿನಲ್ಲಿ. ಕೇಳುತ್ತಿದ್ದುದು ಅದೇ ಪ್ರಶ್ನೆಗಳು. ಎಷ್ಟು ನೀರು ಕುಡಿದರು, ಯಾವ ಕೈ ಎತ್ತಿದರು, ಎತ್ತಿದಾಗ ತಿರುಗಿದರಾ. ಸರಸು ಅದೇ ಉತ್ತರ ಹೇಳುತ್ತಿದ್ದಳು, ಒಂದು ಪದ ಹೆಚ್ಚಲ್ಲ, ಒಂದು ಪದ ಕಡಿಮೆಯಲ್ಲ. ಹೇಳಿದ ಮರುದಿನ ಹೆಜ್ಜೆಯ ಸದ್ದು ಇನ್ನೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೂ ಫೋನಿಗಾಗಿ ಕಾಯುತ್ತಿದ್ದಳು. ಫೋನು ಎತ್ತದೇ ಇದ್ದರೆ ಆ ಹುಡುಗಿಯಿಂದ ಇನ್ನೊಂದನ್ನು ಕಿತ್ತುಕೊಂಡ ಹಾಗೆ ಎನಿಸುತ್ತಿತ್ತು.

ಎರಡು ಸಾವಿರದ ಎಂಟರ ಮಾರ್ಚಿನಲ್ಲಿ ಕರಣ್ ಆಫೀಸಿನಿಂದ ಬಂದು ಊಟದ ಟೇಬಲ್ಲಿನ ಮೇಲೆ ಒಂದು ಫಾರಂ ಇಟ್ಟ. ಉದ್ಯಮಿಗಳ ಸಂಘ ಓಟವನ್ನು ಮತ್ತೆ ಶುರುಮಾಡಿತ್ತು. ಈ ಸಲ ಐದೂವರೆಗೇ ಹೊರಡುವುದು, ದಾರಿಯುದ್ದಕ್ಕೂ ಡಾಕ್ಟರುಗಳು ಎಂದು ಅಚ್ಚು ಹಾಕಿಸಿದ್ದರು.

"ಮಮ್ಮಿ, ನಾನು ನಾಲ್ಕು ತಿಂಗಳಿಂದ ಪ್ರ್ಯಾಕ್ಟೀಸ್ ಕರ್ ರಹಾ ಹೂಂ. ಆಫೀಸಿನ ಎಲ್ರೂ ಓಡ್ತಾರೆ. ನೀನು ಗೋಲ್‌ಚಕ್ಕರ್ ಹತ್ರ ನಿಲ್ತೀಯ ನಾ? ಪಹಲೇ ಜೈಸಾ, ಮೊದ್ಲಿನ ಥರ ಕೂಗ್ಬೇಕು!"

ಸರಸು ಅನ್ನದ ಪಾತ್ರೆಯ ಮುಚ್ಚಳ ಮುಚ್ಚಿದಳು. ಮತ್ತೆ ತೆರೆದಳು.

"ಓಡ್ಬೇಡ."

"ಕ್ಯೂಂ?"

ಆಗ ಅವಳು ಹೇಳಿದಳು. ಎರಡು ವರ್ಷದಲ್ಲಿ ಮೊದಲ ಸಲ, ಗಂಡನೆದುರು, ಮಗನೆದುರು, ಬೆವರಿಲ್ಲದ ಹಣೆಯನ್ನೂ ಸೇರಿಸಿ ಎಲ್ಲವನ್ನೂ ಹೇಳಿದಳು. ಅಪ್ಪಯ್ಯ ತಟ್ಟೆಯಿಂದ ಕೈ ತೆಗೆದು ಕೂತ. ಕರಣ್, "ಮಮ್ಮಿ, ಇಟ್ ವಾಸ್ ನಾಟ್..." ಎಂದು ಏನೋ ಹೇಳಹೊರಟವನು ಅಪ್ಪನ ಮುಖ ನೋಡಿ ಸುಮ್ಮನಾದ.

"ಕೈ ಮುಟ್ಟಿದ್ದೆಯಾ?" ಅಪ್ಪಯ್ಯ ಕೇಳಿದ.

"ಮುಟ್ಟಿದ್ದೆ."

ನಿನ್ನದೇನೂ ತಪ್ಪಿಲ್ಲವೆಂದು ಅಪ್ಪಯ್ಯ ಹೇಳಲಿಲ್ಲ. ಅವನಿಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ. ಎದ್ದು ಕೈತೊಳೆದು ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತ. "ನನಗೆ ಹೇಳ್ಬಾರ್ದಿತ್ತಾ ಸರಸು? ಎರಡು ವರ್ಷ ಒಬ್ಬಳೇ ಹೊತ್ಕೊಂಡಿದ್ದೆಯಲ್ಲ," ಎಂದ. ಅವಳು ಮೇಜಿನ ಮೇಲೆ ತಲೆಯಿಟ್ಟಳು. ಅಳು ಬರಲಿಲ್ಲ.

ಕರಣ್ ಫಾರಂ ಹರಿದುಹಾಕಲು ತಯಾರಿದ್ದ. ಅವಳೇ ಬೇಡವೆಂದಳು. ತನ್ನ ಹೆದರಿಕೆಗೆ ಮಗನನ್ನು ಮನೆಯಲ್ಲಿ ಕೂರಿಸಲು ಅವಳಿಗೆ ಮನಸ್ಸು ಬರಲಿಲ್ಲ. ಆದರೆ ಒಂದು ಮಾತು ತೆಗೆದುಕೊಂಡಳು. ಗೋಲ್‌ಚಕ್ಕರಿನಲ್ಲಿ ತಾನು ನಿಲ್ಲು ಎಂದರೆ ನಿಲ್ಲಬೇಕು, ಎದುರು ಮಾತಿಲ್ಲ.

ಆ ವಾರ ಹರ್ಷಿಣಿಯ ಫೋನು ಬಂದಾಗ ಸರಸು ಓಟದ ಸುದ್ದಿ ಹೇಳಿದಳು. ಹರ್ಷಿಣಿ ತಡೆದು ತಡೆದು ಕೇಳಿದಳು: "ನಾನೂ ಬರ್ಲಾ? ಅವ್ರು ನಿಂತಿದ್ದ ಜಾಗ ನೋಡ್ಬೇಕು."

ಹರ್ಷಿಣಿ ಓಟದ ದಿನ ಬೆಳಿಗ್ಗೆ ಆರೂವರೆಗೆಲ್ಲ ವಸಂತ್ ಕುಂಜ್‌ನಿಂದ ಆಟೋದಲ್ಲಿ ಬಂದಳು. ಅಪ್ಪಯ್ಯ ಬೇವಿನ ಮರದ ಕೆಳಗೆ ಎರಡು ಮಂಚ ಹಾಕಿ, ಟಬ್ಬಿನಲ್ಲಿ ಐಸು, ಒದ್ದೆ ಟವೆಲ್ಲು ಎಲ್ಲ ಸೈನ್ಯದ ಶಿಸ್ತಿನಲ್ಲಿ ಜೋಡಿಸಿಟ್ಟಿದ್ದ. ಏಳಕ್ಕೇ ಬಿಸಿಲು ಚುರುಗುಟ್ಟತೊಡಗಿತು. ಸರಸು ಆ ದೀಪದ ಕಂಬ ತೋರಿಸಿದಳು. ಹರ್ಷಿಣಿ ಅದರ ಮೇಲೆ ಅಂಗೈ ಇಟ್ಟು ಸುಮಾರು ಹೊತ್ತು ನಿಂತಳು. ಕಂಬದ ಮೇಲೆ ಯಾರೋ ಟ್ಯೂಷನ್ನಿನ ಪೋಸ್ಟರ್ ಅಂಟಿಸಿದ್ದರು.

ಮುಂದಿನ ಸಾಲಿನ ಓಟಗಾರರು ಬರತೊಡಗಿದರು. ಸುತ್ತ ಎಲ್ಲರೂ ಕೂಗುತ್ತಿದ್ದರು. ಸರಸು ಸುಮ್ಮನೆ ಪ್ರತಿಯೊಬ್ಬರ ಹಣೆ ನೋಡುತ್ತ ನಿಂತಿದ್ದಳು. ಹಾಗೆ ನೋಡುತ್ತಲೇ, ತಿರುಗದೆ, ಹೇಳಿದಳು.

"ಹರ್ಷಿಣಿ, ನಿನಗೆ ಒಂದು ಹೇಳಿಲ್ಲ. ಅವನಿಗೆ ಬೆವರು ನಿಂತಿತ್ತು. ಕೈ ಕೆಂಡ ಆಗಿತ್ತು. ಅದು ಏನು ಅಂತ ನನಗೆ ಗೊತ್ತಿತ್ತು. ಆದರೂ ಓಡು ಅಂದೆ."

ಮೂರು ನಾಲ್ಕು ಮಂದಿ ಓಟಗಾರರು ದಾಟಿಹೋದರು. ಹರ್ಷಿಣಿಯ ದನಿ ಕೊನೆಗೆ ಒರಟಾಗಿಯೇ ಬಂತು.

"ಹಿಂದಿನ ದಿನವೆಲ್ಲ ಅವ್ರಿಗೆ ಹೊಟ್ಟೆ ಕೆಟ್ಟಿತ್ತು. ಏನೂ ತಿಂದಿರ್ಲಿಲ್ಲ. ಹೋಗ್ಬೇಡಿ ಅಂತ ಒಂದೇ ಸಲ ಅಂದೆ. ಆಮೇಲೆ ಆ ನಂಬರ್ ಚೀಟೀನ ಅಂಗಿಗೆ ಪಿನ್ ಹಾಕಿದ್ದು ನಾನೇ. ನಾಲ್ಕು ಮೂಲೆಗೂ."

ಇಬ್ಬರೂ ರಸ್ತೆ ನೋಡುತ್ತ ನಿಂತರು.

ಏಳೂಮುಕ್ಕಾಲಿಗೆ ಕರಣ್ ಕಾಣಿಸಿದ. ಮುಖ ಕೆಂಪಗಾಗಿತ್ತು, ಬಾಯಿ ತೆರೆದಿತ್ತು. ಅಮ್ಮನನ್ನು ಕಂಡು ನಕ್ಕ. ಆ ನಗು ಕಂಡದ್ದೇ ಸರಸು ರಸ್ತೆಯ ಅಂಚಿಗೆ ಬಂದಳು. ಮಗನ ಹಿಂದೆ, ನಾಲ್ಕು ಹೆಜ್ಜೆ ದೂರದಲ್ಲಿ, ಚಪ್ ಎಂಬ ಸದ್ದು ಕೇಳಿಸಿತು. ಅಲ್ಲಿ ಯಾರೂ ಇರಲಿಲ್ಲ.

"ನಿಲ್ಲು!"

ಎರಡು ವರ್ಷ ಹೊರಡದಿದ್ದ ದನಿ ಗೋಲ್‌ಚಕ್ಕರಿನ ಆಚೆ ದಂಡೆಗೆ ಬಡಿದು ಬಂತು. ಚಪ್ಪಾಳೆ ತಟ್ಟುತ್ತಿದ್ದವರು ತಿರುಗಿ ನೋಡಿದರು. ಪಕ್ಕದಲ್ಲಿ ಓಡುತ್ತಿದ್ದ ದಪ್ಪನೆಯ ಮನುಷ್ಯನೊಬ್ಬ ತನಗೇ ಹೇಳಿದರೆಂದು ಗಕ್ಕನೆ ನಿಂತು, ಮುಗ್ಗರಿಸಿ, "ಪಾಗಲ್ ಹೋ ಕ್ಯಾ ಆಂಟೀ!" ಎಂದು ಬೈದುಕೊಂಡು ಹೋದ. ಕರಣ್ ಬಂದು ಅವಳೆದುರು ನಿಂತ. ಅವಳು ಅವನ ಹಣೆ, ಕತ್ತು, ಅಂಗೈ ಮುಟ್ಟಿ ನೋಡಿದಳು. ಎಲ್ಲ ಕಡೆ ಬೆವರು ಧಾರಾಕಾರ.

"ನಿನ್ನ ಹೆಸರೇನು?"

"ಮಮ್ಮಿ, ಪ್ಲೀಸ್..."

"ಹೆಸರು ಹೇಳು. ಇವತ್ತು ಯಾವ ವಾರ?"

"ಕರಣ್. ಸಂಡೇ. ನೀನು ಸರಸು, ಅವರು ಅಪ್ಪ. ಆಯ್ತಾ? ಐ ಆಮ್ ಫೈನ್." ಅಪ್ಪಯ್ಯ ಅವನ ಕತ್ತಿಗೆ ಒದ್ದೆ ಟವೆಲ್ ಹಾಕಿ, ಅವಳ ಕಡೆ ನೋಡಿ, ಪರವಾಗಿಲ್ಲವೆಂದು ತಲೆಯಾಡಿಸಿದ. ಕರಣ್ ನೀರು ಕುಡಿದು ಕಾದ. "ಜಾವೂಂ? ಹೋಗ್ಲಾ?"

ಸರಸುವಿಗೆ ಎಲ್ಲ ಗೊತ್ತಾಗುತ್ತಿತ್ತು. ಹುಡುಗ ಚೆನ್ನಾಗಿದ್ದಾನೆ, ಕಳಿಸಬಹುದು, ಒಂದೇ ಒಂದು ಪದ ಬೇಕಾಗಿರುವುದು. ಆ ಪದ ಮಾತ್ರ ಬಾಯಿಗೆ ಬರಲಿಲ್ಲ. ಮಗನ ಮುಂಗೈ ಹಿಡಿದುಕೊಂಡೇ ನಿಂತಳು. ಬೆರಳುಗಳು ಬಿಗಿಯಾದವು. ಹಿಂದಿನಿಂದ ಬರುತ್ತಿದ್ದವರು ಅವರನ್ನು ಬಳಸಿಕೊಂಡು ಹೋಗುತ್ತಿದ್ದರು.

ಹರ್ಷಿಣಿ ಕಂಬ ಬಿಟ್ಟು ಬಂದಳು. ಸರಸುವಿನ ಬೆರಳುಗಳನ್ನು ಒಂದೊಂದಾಗಿ, ಸ್ವಲ್ಪ ಒರಟಾಗಿಯೇ, ಬಿಡಿಸಿದಳು.

"ಬಿಡಿ ಆಂಟಿ," ಎಂದಳು. ಆಮೇಲೆ ಕರಣನ ಮುಖ ನೋಡಿ ಹೇಳಿದಳು: "ಓಡಿ. ನಿಧಾನಕ್ಕೆ ಓಡಿ."

ಅವನು ಓಡಿದ.

ಉಳಿದ ನಾಲ್ಕು ಕಿಲೋಮೀಟರಿನ ಅರ್ಧ ಗಂಟೆ ಸರಸು ಮಂಚದ ಮೇಲೆ ಕೂತು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಎರಡು ಸಲ ಆಂಬುಲೆನ್ಸಿನ ಸದ್ದು ಕೇಳಿದಂತಾಗಿ ಎದ್ದಳು. ಅಪ್ಪಯ್ಯ ಎರಡು ಸಲವೂ, "ಅದು ಹೈವೇ ಲಾರಿ," ಎಂದ. ಎಂಟೂಕಾಲಿಗೆ ಫೋನು ಬಂತು. "ಹೋ ಗಯಾ ಮಮ್ಮಿ! ಮುಗೀತು!" ಹಿಂದೆ ಡೋಲು ಬಡಿಯುವ ಸದ್ದು. ಅವಳು ಹರ್ಷಿಣಿಗೆ ಹೇಳಬೇಕೆಂದು ತಿರುಗಿದಳು. ಹರ್ಷಿಣಿ ರಸ್ತೆಯ ಅಂಚಿನಲ್ಲಿ, ಮೋರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ವಾಂತಿ ಮಾಡುತ್ತಿದ್ದಳು. ಸರಸು ಹೋಗಿ ಅವಳ ಬೆನ್ನು ಸವರಿದಳು. ಬೆನ್ನು ಸ್ವಲ್ಪ ಹೊತ್ತು ಸೆಟೆದುಕೊಂಡಿದ್ದು ಆಮೇಲೆ ಸಡಿಲವಾಯಿತು. ತಿಂಡಿಗೆ ಮನೆಗೆ ಬಾ ಎಂದರೆ ಒಪ್ಪಲಿಲ್ಲ. ಆಟೋ ಹತ್ತುವಾಗ, "ಇನ್ನು ಮೇಲೆ ಫೋನ್ ಮಾಡಲ್ಲ ಆಂಟಿ. ಕೇಳೋದೆಲ್ಲ ಆಯ್ತು," ಎಂದಳು. ಸಿಟ್ಟಿರಲಿಲ್ಲ. ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ. ಹಾಗೆ ಹೇಳಲೆಂದು ಸರಸುವೂ ಕಾಯಲಿಲ್ಲ. ಆ ಮಳೆಗಾಲದಲ್ಲಿ ಹರ್ಷಿಣಿ ಪುಣೆಯ ಕಾಲೇಜೊಂದಕ್ಕೆ ಕೆಲಸಕ್ಕೆ ಹೋದಳೆಂದು ಕನ್ನಡ ಕೂಟದವರಿಂದ ತಿಳಿಯಿತು.

ಕರಣ್ ಚಳಿಗಾಲ ಬರುವಷ್ಟರಲ್ಲಿ ಓಟ ಬಿಟ್ಟು ಬ್ಯಾಡ್ಮಿಂಟನ್ ಹಿಡಿದ. ಹೆಜ್ಜೆಯ ಸದ್ದು ಹೋಗಲಿಲ್ಲ. ದಿನಾ ಬರುತ್ತಿದ್ದುದು ಬೇಸಿಗೆಗೆ ಸೀಮಿತವಾಯಿತು, ಅಷ್ಟೇ. ಒಂದು ದಿನ ಬೆಳಕು ಹರಿಯುವಾಗ ಅವಳು ಎದ್ದು ಬಾಲ್ಕನಿಗೆ ಹೋದಾಗ ಅಪ್ಪಯ್ಯನೂ ಬಂದು ಪಕ್ಕದಲ್ಲಿ ನಿಂತ. "ಕೇಳಿಸ್ತಿದೆಯಾ?" ಎಂದ. ಹೂಂ ಎಂದಳು. ಅವನು ಕಿವಿಗೊಟ್ಟು, ತನಗೇನೂ ಕೇಳಿಸುತ್ತಿಲ್ಲವೆಂದ. "ಅವನು ದಾಟೋವರೆಗೆ ನಿಂತಿರೋಣ ಬಿಡು," ಎಂದು ರೇಲಿಂಗಿನ ಮೇಲೆ ಕೈಯಿಟ್ಟುಕೊಂಡು ನಿಂತ.

ಮರುವರ್ಷ ಓಟದ ಸಂಘದವರು ಗೋಲ್‌ಚಕ್ಕರಿನಲ್ಲಿ ಮೈಕು ಹಿಡಿದು ಹುರಿದುಂಬಿಸಿ ಎಂದು ಕೇಳಿಕೊಂಡು ಮನೆಗೆ ಬಂದರು. ಸರಸು ಒಲ್ಲೆನೆಂದಳು; ಮಂಚ ಮತ್ತು ಐಸು ಕೊಟ್ಟರೆ ಸಾಕು ಎಂದಳು. ಆ ಏಪ್ರಿಲ್ಲಿನಲ್ಲಿ ಅವಳು ಮೂವರನ್ನು ತಡೆದು ನಿಲ್ಲಿಸಿದಳು. ಇಬ್ಬರು ಮುಖ ಗಂಟಿಕ್ಕಿಕೊಂಡು ನೀರು ಕುಡಿದು ಓಡಿಹೋದರು. ಮೂರನೆಯವಳು ನಲವತ್ತರ ಹೆಂಗಸು, ಬ್ಯಾಂಕಿನ ಕೆಲಸದವಳು. ಹೆಸರು ಕೇಳಿದರೆ ನೆನಪಿಸಿಕೊಂಡು ಹೇಳಲು ತಡವಾಯಿತು. ಸರಸು ಅವಳನ್ನು ಬೇವಿನ ನೆರಳಿನಲ್ಲಿ ಮಲಗಿಸಿ, ಕಂಕುಳಿಗೆ, ಕತ್ತಿಗೆ ಐಸಿನ ಬಟ್ಟೆ ಇಟ್ಟು, ತಲೆಗೆ ನೀರು ಸುರಿದಳು. ಸ್ವಲ್ಪ ಹೊತ್ತಿಗೆ ಕಣ್ಣು ತಿಳಿಯಾಗಿ ಆ ಹೆಂಗಸು, "ಬರೀ ನಾಲ್ಕು ಕಿಲೋಮೀಟರ್ ಉಳಿದಿತ್ತು," ಎಂದು ಹಿಂದಿಯಲ್ಲಿ ಅಳತೊಡಗಿದಳು.

"ಉಳೀಲಿ ಬಿಡು," ಎಂದಳು ಸರಸು, ಅವಳಿಗೆ ಕನ್ನಡ ಬಾರದೆಂಬುದನ್ನು ಮರೆತು. ಡಾಕ್ಟರ ಗಾಡಿ ಬರುವವರೆಗೂ ಅವಳ ಕೈ ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದಳು.